ದ್ರಾಕ್ಷಿ ತೋಟದಲ್ಲಿ ಮೋಟಾರ್‌ಹೋಮ್ ನಿಲ್ಸಿ ಒಂದ್ ರಾತ್ರಿ: ಫ್ರಾನ್ಸಲ್ಲಿ ಇದು ಹೇಗೆ ನಡಿಯತ್ತೆ?

[ದೃಶ್ಯ: ದ್ರಾಕ್ಷಿ ಸಾಲುಗಳ ಪಕ್ಕ ನಿಂತಿರೋ ಬಿಳಿ ಮೋಟಾರ್‌ಹೋಮ್, ಹಿಂದೆ ಹಳೇ ಕಲ್ಲಿನ ಮನೆ]

ನಮಸ್ಕಾರ ಎಲ್ರಿಗೂ. ಯೂರೋಪಲ್ಲಿ ಹಾಸಿಗೆ, ಅಡುಗೆ ಒಲೆ ಎಲ್ಲ ಒಳ್ಗೇ ಇರೋ ಮೋಟಾರ್‌ಹೋಮ್ ತಗೊಂಡು ಸುತ್ತೋ ಪ್ಲಾನ್ ಹಾಕೋರಿಗೆಲ್ಲ ಮೊದ್ಲು ತಲೆ ತಿನ್ನೋ ಪ್ರಶ್ನೆ, ರಾತ್ರಿ ಗಾಡಿ ಎಲ್ಲಿ ನಿಲ್ಸೋದು ಅನ್ನೋದು. ಕ್ಯಾಂಪ್‌ಸೈಟ್ ಇದ್ದೇ ಇದೆ, ಆದ್ರೆ ಜುಲೈ ಆಗಸ್ಟಲ್ಲಿ ರೇಟು ಜಾಸ್ತಿ, ಗದ್ದಲ ಜಾಸ್ತಿ, ಪಕ್ಕದ ಗಾಡಿಯೋರ ಟಿವಿ ಸೌಂಡು ನಿಮ್ಗೇ ಕೇಳ್ಸತ್ತೆ. ಇನ್ನೊಂದು, ಊರೂರಲ್ಲಿ ಮುನಿಸಿಪಾಲಿಟಿಯವ್ರು ಮೋಟಾರ್‌ಹೋಮ್‌ಗೆ ಅಂತ ಮಾಡಿರೋ ನಿಲ್ದಾಣ, ಅದಕ್ಕೆ ಫ್ರಾನ್ಸಲ್ಲಿ ಏರ್ ಅಂತಾರೆ, ಎಷ್ಟೋ ಕಡೆ ಫ್ರೀ ಇಲ್ಲಾ ಕಡಿಮೆ ದುಡ್ಡು, ಕೆಲ್ಸಕ್ಕೆ ಬರತ್ತೆ, ಆದ್ರೆ ಎಷ್ಟೋ ಏರ್‌ಗಳು ಬರೀ ಟಾರ್ ಹಾಕಿರೋ ಪಾರ್ಕಿಂಗ್ ಲಾಟ್ ಅಷ್ಟೇ. ಇವತ್ತು ಹೇಳ್ತಿರೋದು ಮೂರ್ನೇ ದಾರಿ, ರೈತರ ಜಮೀನಲ್ಲೇ, ವೈನ್ ಮಾಡೋರ ತೋಟದಲ್ಲೇ, ಅವ್ರೇ ಬನ್ನಿ ಅಂತ ಕರ್ದು ಒಂದ್ ರಾತ್ರಿ ನಿಲ್ಲಕ್ಕೆ ಜಾಗ ಕೊಡೋದು, ಅದೂ ಬಾಡಿಗೆ ಇಲ್ದೆ.

ಫ್ರೀ ಅಂದ ತಕ್ಷಣ ಕಿವಿ ನೆಟ್ಟಗಾಯ್ತು ಅಲ್ವಾ, ಸ್ವಲ್ಪ ತಾಳಿ. ನಾನ್ ನೋಡಿರೋ ಹಂಗೆ ಈ ವಿಷ್ಯದಲ್ಲಿ ಎಡವಟ್ಟು ಮಾಡ್ಕೊಳೋರೆಲ್ಲ ಇದನ್ನ ಫ್ರೀ ಪಾರ್ಕಿಂಗ್ ಅಂದ್ಕೊಂಡು ಹೋದೋರೇ. ಇದು ಪಾರ್ಕಿಂಗ್ ಅಲ್ಲ, ಒಬ್ಬರ ಮನೆ ಅಂಗಳ, ಅದೂ ಕೆಲ್ಸ ನಡೀತಿರೋ ಅಂಗಳ. ಇದೊಂದು ತಲೇಲಿ ಕೂತ್ರೆ ಉಳಿದ ರೂಲ್ಸೆಲ್ಲ ಯಾರೂ ಹೇಳ್ದೇನೇ ಅರ್ಥ ಆಗತ್ತೆ.

[ಸ್ಕ್ರೀನ್ ಮೇಲೆ: ಫ್ರಾನ್ಸ್ ಪ್ಯಾಶನ್, 1992]

ಇಂಥ ರೈತರನ್ನೂ ಗಾಡಿಯೋರನ್ನೂ ಜೋಡ್ಸೋ ಸಂಸ್ಥೆಗಳಲ್ಲಿ ಹಳೇದು, ದೊಡ್ಡದು ಅಂದ್ರೆ ಫ್ರಾನ್ಸ್ ಪ್ಯಾಶನ್. 1992ರಿಂದ ಇದೆ, ಶುರುವಾಗಿದ್ದು ವೈನ್ ಮಾಡೋರ ಜೊತೆ, ಈಗ ಚೀಸ್ ಮಾಡೋರು, ಜೇನು ಸಾಕೋರು, ಬಾತುಕೋಳಿ ಸಾಕೋರು, ನಾರ್ಮಂಡಿಲಿ ಸೇಬಿನ ಸೈಡರ್ ಮಾಡೋರು, ಅಟ್ಲಾಂಟಿಕ್ ತೀರದಲ್ಲಿ ಆಯ್ಸ್ಟರ್ ಬೆಳೆಯೋರು, ಪ್ರೊವಾನ್ಸಲ್ಲಿ ಆಲಿವ್ ಎಣ್ಣೆ ತೆಗೆಯೋರು, ಎಲ್ಲ ಸೇರಿ 2,000ಕ್ಕೂ ಜಾಸ್ತಿ ಜಾಗ ಇದೆ. ವರ್ಷಕ್ಕೆ ಮೆಂಬರ್‌ಶಿಪ್ 30 ಯೂರೋ ಆಸುಪಾಸು. ಅದಕ್ಕೆ ಗೈಡು, ಆ್ಯಪು, ಗಾಡಿ ಗಾಜಿಗೆ ಅಂಟ್ಸಕ್ಕೆ ಒಂದು ಸ್ಟಿಕರ್ ಬರತ್ತೆ. ಆ ಸ್ಟಿಕರ್ ನೋಡೇ ಅವ್ರಿಗೆ ಗೊತ್ತಾಗೋದು ಇವ್ರು ನಮ್ ಅತಿಥಿಗಳು ಅಂತ. ಆಮೇಲೆ ಒಂದು ಜಾಗದಲ್ಲಿ 24 ಗಂಟೆ ನಿಲ್ಬೋದು, ರಾತ್ರಿಗೆ ಅಂತ ಒಂದ್ ಪೈಸೆ ಕೊಡೋ ಹಂಗಿಲ್ಲ, ಏನಾದ್ರೂ ಕೊಂಡ್ಕೊಳ್ಲೇಬೇಕು ಅನ್ನೋ ರೂಲ್ ಕೂಡ ಇಲ್ಲ.

ಹಂಗಾದ್ರೆ ಅವ್ರಿಗೇನು ಲಾಭ? ಲೆಕ್ಕ ಸಿಂಪಲ್. ಒಬ್ಬ ಸಣ್ಣ ವೈನ್ ಬೆಳೆಗಾರ ತನ್ನ ಬಾಟ್ಲಿನ ಹೋಲ್‌ಸೇಲರ್‌ಗೆ ಕೊಟ್ರೆ, ಅಲ್ಲಿಂದ ಸೂಪರ್‌ಮಾರ್ಕೆಟ್‌ಗೆ ಹೋದ್ರೆ, ನಡುವೆ ಇರೋರೆಲ್ಲ ಒಂದೊಂದು ಪಾಲು ತಗೋತಾರೆ, ಅದೇ ಬಾಟ್ಲಿ ತನ್ನ ನೆಲಮಾಳಿಗೆ ಬಾಗಿಲಲ್ಲೇ ಮಾರಿದ್ರೆ ಪೂರ್ತಿ ದುಡ್ಡು ಅವ್ನಿಗೇ. ಮೋಟಾರ್‌ಹೋಮಲ್ಲಿ ಬರೋರು ಅಂದ್ರೆ ಟೈಮಿರೋರು, ಸಾಮಾನು ಇಡೋಕೆ ಗಾಡಿಲಿ ಜಾಗ ಇರೋರು, ಸಾಯಂಕಾಲ ಬೇರೆ ಎಲ್ಲೂ ಹೋಗೋ ಅರ್ಜೆಂಟ್ ಇಲ್ದೋರು. ಇಂಥ ಗಿರಾಕಿ ಬಾಗಿಲಿಗೇ ಬಂದ್ರೆ ಯಾರ್ ಬೇಡ ಅಂತಾರೆ. ಹತ್ತು ಜನದಲ್ಲಿ ನಾಕ್ ಜನ ಏನೂ ತಗೊಳ್ದೆ ಹೋದ್ರೂ ಅವ್ರಿಗೆ ಗಿಟ್ಟತ್ತೆ. ಹಾಗಾಗಿ ರುಚಿ ನೋಡಿದ್ದು ಇಷ್ಟ ಆಗ್ಲಿಲ್ಲ ಅಂದ್ರೆ ಮುಜುಗರಕ್ಕೆ ಬಿದ್ದು ಆರು ಬಾಟ್ಲಿ ಹೊತ್ಕೊಂಡ್ ಬರ್ಬೇಡಿ, ಅವ್ರಿಗೂ ಅದು ಗೊತ್ತಾಗತ್ತೆ. ಇಷ್ಟ ಆಯ್ತಾ, ಒಂದೋ ಎರಡೋ ತಗೊಳ್ಳಿ, ಸಾಕು.

ಯಾವ್ ಗಾಡಿ ಆಗತ್ತೆ ಅನ್ನೋದು ಮುಖ್ಯ. ಟಾಯ್ಲೆಟ್ ಗಾಡಿ ಒಳ್ಗೇ ಇರ್ಬೇಕು, ಪಾತ್ರೆ ತೊಳ್ದ ನೀರು, ಸ್ನಾನದ ನೀರು ತುಂಬ್ಕೊಳೋ ಟ್ಯಾಂಕ್ ಇರ್ಬೇಕು. ಟೆಂಟ್ ಹಾಕೋ ಹಂಗಿಲ್ಲ. ಯಾಕಂದ್ರೆ ಆ ಅಂಗಳದಲ್ಲಿ ನಿಮ್ಗೋಸ್ಕರ ಬಾತ್‌ರೂಮು, ಕರೆಂಟ್ ಪಾಯಿಂಟು ಏನೂ ಇರಲ್ಲ, ಕೆಲವ್ರು ನೀರು ಕೊಡ್ತಾರೆ, ಕೊಟ್ರೆ ಅದು ಅವರ ದೊಡ್ಡತನ. ಅಲ್ಲಿಗೆ ಹೋಗೋ ಮುಂಚೆನೇ ಯಾವ್ದಾದ್ರೂ ಏರ್‌ನಲ್ಲಿ ಟಾಯ್ಲೆಟ್ ಕ್ಯಾಸೆಟ್, ಅಂದ್ರೆ ಟಾಯ್ಲೆಟ್ ಕೆಳಗೆ ಗಲೀಜು ತುಂಬ್ಕೊಳೋ ಡಬ್ಬ, ಖಾಲಿ ಮಾಡಿ, ಒಳ್ಳೆ ನೀರು ತುಂಬ್ಕೊಂಡು ಹೋಗ್ಬೇಕು. ಗ್ರೇ ವಾಟರ್ ತಾನೆ, ಸೋಪ್ ನೀರು ತಾನೆ, ಹುಲ್ಲಿಗೆ ಬಿಟ್ರೆ ಏನಾಗತ್ತೆ ಅಂತ ನಲ್ಲಿ ತಿರುಗ್ಸೋರಿದಾರೆ. ಆರ್ಗ್ಯಾನಿಕ್ ಸರ್ಟಿಫಿಕೇಟ್ ಇಟ್ಕೊಂಡಿರೋ ತೋಟದಲ್ಲಿ ಇದನ್ನ ಮಾಡಿದ್ರೆ ಮುಂದಿನ ಮೋಟಾರ್‌ಹೋಮ್‌ಗೆ ಆ ಗೇಟ್ ತೆಗೆಯಲ್ಲ, ಅಷ್ಟೇ.

[ದೃಶ್ಯ: ಹಳ್ಳಿ ರಸ್ತೆ, ಗೇಟಿನ ಬೋರ್ಡು, ನಿಧಾನಕ್ಕೆ ತಿರುಗ್ತಿರೋ ಗಾಡಿ]

ಸರಿ, ಒಂದು ಸಾಯಂಕಾಲ ಹೇಗಿರತ್ತೆ ನೋಡೋಣ. ಜಾಗ ವೂವ್ರೆ ಅಂತ ಇಟ್ಕೊಳಿ, ತೂರ್ ಸಿಟಿ ಪಕ್ಕ, ಲ್ವಾರ್ ನದಿ ದಂಡೆ ಮೇಲೆ. ಫ್ರಾನ್ಸ್ ಪ್ಯಾಶನಲ್ಲಿ ರಿಸರ್ವೇಶನ್ ಅನ್ನೋದು ಇಲ್ಲ, ಮೊದ್ಲು ಬಂದೋರಿಗೆ ಜಾಗ, ಒಂದೊಂದು ಕಡೆ ಮೂರೋ ನಾಕೋ ಗಾಡಿ ಹಿಡ್ಸತ್ತೆ. ಅದಕ್ಕೇ ಹತ್ರದಲ್ಲೇ ಇನ್ನೊಂದು ಜಾಗ ಗುರುತು ಮಾಡಿ ಇಟ್ಕೊಂಡಿರಿ. ಮಧ್ಯಾಹ್ನ 12ರಿಂದ 2ರವರೆಗೆ ಹೋಗ್ಬೇಡಿ, ಅದು ಊಟದ ಹೊತ್ತು, ಫ್ರೆಂಚ್ ಹಳ್ಳಿಲಿ ಆ ಹೊತ್ತಲ್ಲಿ ಬಾಗಿಲು ತಟ್ಟೋದು ಚೆನ್ನಾಗಿರಲ್ಲ. ಕತ್ತಲಾದ್ಮೇಲೂ ಬೇಡ. ನಾಕು ಐದು ಗಂಟೆ ಸರಿಯಾದ ಟೈಮು.

ಗಾಡಿ ನಿಲ್ಸಿದ ತಕ್ಷಣ ಕುರ್ಚಿ ಟೇಬಲ್ ಹೊರಗೆ ತೆಗೆಯೋದಲ್ಲ, ಮೊದ್ಲು ಇಳ್ದು ಹೋಗಿ ಬೋಂಜೂರ್ ಅನ್ಬೇಕು. ಫ್ರೆಂಚ್ ಬರಲ್ವಾ, ಪರವಾಗಿಲ್ಲ, ಆದ್ರೆ ಆ ಒಂದು ಬೋಂಜೂರ್ ಇಲ್ದೆ ನೇರವಾಗಿ ಇಂಗ್ಲಿಷಲ್ಲಿ ಪ್ರಶ್ನೆ ಕೇಳಿದ್ರೆ ಮುಖ ಗಂಟು ಹಾಕ್ತಾರೆ. ಅವ್ರು ಎಲ್ಲಿ ತೋರಿಸ್ತಾರೋ ಅಲ್ಲಿ ನಿಲ್ಸಿ, ನಿಮ್ಗೆ ವ್ಯೂ ಚೆನ್ನಾಗಿದೆ ಅಂತ ಆ ಕಡೆ ಈ ಕಡೆ ಸರ್ಸಬೇಡಿ, ಆ ಖಾಲಿ ಜಾಗ ಟ್ರಾಕ್ಟರ್ ತಿರುಗೋಕೆ ಬಿಟ್ಟಿರ್ತಾರೆ.

ಈಗ ಮಣ್ಣಿನ ವಿಷ್ಯ. ಯೂರೋಪಿನ ಮೋಟಾರ್‌ಹೋಮ್‌ಗಳಲ್ಲಿ ಎಷ್ಟೋ ಗಾಡಿಗಳ ಕೆಳಗಿರೋದು ಫಿಯಟ್ ಡುಕಾಟೊ ಅನ್ನೋ ವ್ಯಾನಿನ ಚಾಸಿ, ಅದು ಫ್ರಂಟ್ ವೀಲ್ ಡ್ರೈವ್, ಭಾರ ಎಲ್ಲ ಹಿಂದೆ. ರಾತ್ರಿ ಮಳೆ ಬಂದು ಹುಲ್ಲು ನೆಂದ್ರೆ ಬೆಳಿಗ್ಗೆ ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗತ್ತೆ, ಗಾಡಿ ಅಲ್ಲೇ ಹೂತ್ಕೊಳತ್ತೆ. ಹಾಗಾಗಿ ರಿವರ್ಸಲ್ಲಿ ಹೋಗಿ ನಿಲ್ಸಿ, ಹಿಂದಿನ ಚಕ್ರ ಹುಲ್ಲಲ್ಲಿ ಇದ್ರೂ ಮುಂದಿನ ಎರಡು ಚಕ್ರ ಜಲ್ಲಿ ಮೇಲೋ ಗಟ್ಟಿ ನೆಲದ ಮೇಲೋ ಇರೋ ಹಂಗೆ. ಆಮೇಲೆ ಮಟ್ಟ ನೋಡ್ಕೊಳ್ಳಿ. ಗ್ಯಾಸಲ್ಲಿ ಓಡೋ ಅಬ್ಸಾರ್ಪ್ಷನ್ ಫ್ರಿಡ್ಜ್ ಇರೋ ಗಾಡಿ ಜಾಸ್ತಿ ಓರೆಯಾಗಿ ನಿಂತ್ರೆ ಆ ಫ್ರಿಡ್ಜ್ ತಣ್ಣಗಾಗೋದೇ ಇಲ್ಲ, ಒಳಗಿನ ದ್ರವ ಸರಿಯಾಗಿ ಹರಿಯಬೇಕಲ್ಲ. ಹಳದಿ ಪ್ಲಾಸ್ಟಿಕ್ ರ‍್ಯಾಂಪ್ ಬರತ್ತೆ, ಚಕ್ರದ ಕೆಳಗೆ ಇಟ್ಟು ಹತ್ಸಿ.

ಇದನ್ನೆಲ್ಲ ವೈನ್ ರುಚಿ ನೋಡೋ ಮುಂಚೆನೇ ಮುಗ್ಸಿ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಫ್ರಾನ್ಸಲ್ಲಿ ಲಿಮಿಟ್ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ಲೈಸೆನ್ಸ್ ಹೊಸದಾಗಿ ತಗೊಂಡಿರೋ ಅಲ್ಲಿನ ಡ್ರೈವರ್‌ಗಳಿಗೆ 0.2 ಅಷ್ಟೇ. ಕುಡಿದಾದ್ಮೇಲೆ ಸ್ವಲ್ಪ ಮುಂದಕ್ಕೆ ತಗೋತೀನಿ ಅನ್ನೋದು ಬೇಡ. ನಿಜ ಹೇಳ್ಬೇಕಂದ್ರೆ ಈ ಏರ್ಪಾಡಿನ ಮಜಾನೇ ಅದು, ರುಚಿ ನೋಡಿ ಐವತ್ತು ಹೆಜ್ಜೆ ನಡೆದ್ರೆ ನಿಮ್ ಹಾಸಿಗೆ.

[ದೃಶ್ಯ: ಸುಣ್ಣಕಲ್ಲಿನ ಗುಹೆ, ಸಾಲಾಗಿ ಮಲಗ್ಸಿರೋ ಬಾಟ್ಲಿಗಳು]

ವೂವ್ರೆನಲ್ಲಿ ನೆಲಮಾಳಿಗೆ ಅಂದ್ರೆ ಬೆಟ್ಟದ ಒಳ್ಗೇ ಕೊರೆದಿರೋ ಗುಹೆ. ಅಲ್ಲಿನ ಕಲ್ಲು ತೂಫೋ ಅಂತ, ಬೆಳ್ಳಗೆ, ಮೆತ್ತಗೆ, ಉಗುರಲ್ಲಿ ಗೀರಿದ್ರೆ ಪುಡಿ ಬರತ್ತೆ, ಈ ಕಲ್ಲು ತೆಗ್ದೇ ಲ್ವಾರ್ ಕಣಿವೆಯ ಅರಮನೆಗಳನ್ನ ಕಟ್ಟಿದ್ದು, ಕಲ್ಲು ತೆಗ್ದ ಜಾಗ ವೈನ್ ಇಡೋಕೆ ಆಯ್ತು. ಹೊರಗೆ 35 ಡಿಗ್ರಿ ಬಿಸಿಲಿದ್ರೂ ಒಳಗೆ ಸುಮಾರು 12 ಡಿಗ್ರಿ, ಸ್ವೆಟರ್ ಹಾಕ್ಕೊಂಡು ಹೋಗಿ. ದ್ರಾಕ್ಷಿ ಒಂದೇ ಜಾತಿ, ಶೆನಿನ್ ಬ್ಲಾಂ, ಆದ್ರೆ ಅದ್ರಲ್ಲೇ ಒಣ ರುಚಿಯ ಸೆಕ್, ನಡುವಿನ ದೆಮಿ ಸೆಕ್, ಸಿಹಿಯ ಮ್ವಾಲೆ ಅಂತ ಸಾಲಾಗಿ ಇಡ್ತಾರೆ, ಒಣದಿಂದ ಶುರು ಮಾಡಿ ಸಿಹಿ ಕಡೆ ಹೋಗೋದು. ಮಧ್ಯದಲ್ಲಿ ಒಂದು ಬಕೆಟ್ಟೋ ಪಾತ್ರೆನೋ ಇರತ್ತೆ, ಬಾಯಲ್ಲಿಟ್ಟು ಆಡ್ಸಿ ಅದಕ್ಕೆ ಉಗುಳ್ಬೋದು, ಯಾರೂ ಅವಮಾನ ಅಂದ್ಕೊಳಲ್ಲ, ವೈನ್ ಮಾಡೋರೇ ಹಂಗೆ ಮಾಡೋದು.

ಕೊಂಡ್ಕೊಳೋ ಉತ್ಸಾಹ ಬಂದ್ರೆ ತೂಕದ ಲೆಕ್ಕ ಮರೀಬೇಡಿ, ಇದನ್ನ ಜಾಸ್ತಿ ಜನ ಹೇಳಲ್ಲ. ಕಾರ್ ಲೈಸೆನ್ಸಲ್ಲಿ ಓಡ್ಸೋ ಮೋಟಾರ್‌ಹೋಮ್‌ಗೆ ಮಿತಿ 3,500 ಕೆಜಿ. ಗಾಡಿ ತೂಕ, 100 ಲೀಟರ್ ನೀರು ಅಂದ್ರೆ 100 ಕೆಜಿ, ಗ್ಯಾಸ್ ಸಿಲಿಂಡರ್, ನಾಲ್ಕು ಜನ, ಸೈಕಲ್ಲು, ಇಷ್ಟಾಗೋ ಹೊತ್ತಿಗೆ ಎಷ್ಟೋ ಗಾಡಿ ಆಗ್ಲೇ ಅಂಚಿಗೆ ಬಂದಿರತ್ತೆ. ಆರು ಬಾಟ್ಲಿ ಡಬ್ಬ ಒಂದು ಎಂಟು ಕೆಜಿ ಹತ್ರ ಬರತ್ತೆ, ಶಾಂಪೇನ್ ಆದ್ರೆ ಗಾಜು ದಪ್ಪ, ಇನ್ನೂ ಜಾಸ್ತಿ. ಊರೂರಲ್ಲಿ ಎರಡೆರಡು ಡಬ್ಬ ಏರ್ಸ್ಕೊಂಡು ಹೋದ್ರೆ ವಾರದೊಳಗೆ ಓವರ್‌ಲೋಡ್, ಪೊಲೀಸ್ ತೂಕ ಹಾಕಿದ್ರೆ ದಂಡ.

ಯಾವ್ ತಿಂಗ್ಳು ಹೋಗೋದು? ಸೆಪ್ಟೆಂಬರ್ ಅಂತ ಎಲ್ರೂ ಆಸೆ ಪಡ್ತಾರೆ, ದ್ರಾಕ್ಷಿ ಕೊಯ್ಲು, ಫೋಟೋ ಚೆನ್ನಾಗ್ ಬರತ್ತೆ. ನನ್ ಪ್ರಕಾರ ರೈತರ ಜೊತೆ ಮಾತಾಡ್ಬೇಕು ಅಂತಿದ್ರೆ ಅದೇ ತೀರಾ ಕೆಟ್ಟ ಟೈಮು. ಮನೆಮಂದಿಯೆಲ್ಲ ಹಗಲು ರಾತ್ರಿ ದುಡಿತಿರ್ತಾರೆ, ದ್ರಾಕ್ಷಿ ತಂಪಾಗಿರ್ಲಿ ಅಂತ ಕೊಯ್ಯೋ ಮಷೀನ್ನ ಬೆಳಗಿನ ಜಾವ ಮೂರು ಗಂಟೆಗೇ ದೊಡ್ಡ ಲೈಟ್ ಹಾಕ್ಕೊಂಡು ಓಡ್ಸೋದೂ ಉಂಟು, ನಿಮ್ ಕಿಟಕಿ ಪಕ್ಕದಲ್ಲೇ. ಏಪ್ರಿಲಲ್ಲಿ ಹೋದ್ರೆ ಹಿಮದ ಭಯ, ಚಿಗುರು ಕರಟಿ ಹೋಗ್ದೆ ಇರ್ಲಿ ಅಂತ ಸಾಲಿನ ನಡುವೆ ರಾತ್ರಿಯೆಲ್ಲ ದೊಡ್ಡ ಮೇಣದ ಡಬ್ಬಗಳನ್ನ ಉರಿಸ್ತಾರೆ, 2021ರ ಏಪ್ರಿಲಲ್ಲಿ ಬಿದ್ದ ಹಿಮ ಫ್ರಾನ್ಸಿನ ದ್ರಾಕ್ಷಿನ ಭಾರೀ ಹಾಳ್ ಮಾಡಿತ್ತು, ಅಂಥ ರಾತ್ರಿ ನೀವು ಹೋಗಿ ರುಚಿ ತೋರ್ಸಿ ಅಂದ್ರೆ ಹೇಗಿರತ್ತೆ ಯೋಚ್ನೆ ಮಾಡಿ. ಮೇ ಜೂನಲ್ಲಿ ಔಷಧಿ ಹೊಡಿತಿರ್ತಾರೆ, ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಗೊತ್ತಲ್ಲ, ಅದು ಹುಟ್ಟಿದ್ದೇ 1880ರ ದಶಕದಲ್ಲಿ ಇದೇ ಬೋರ್ಡೋ ದ್ರಾಕ್ಷಿ ತೋಟಗಳಲ್ಲಿ, ಬೂಜು ರೋಗಕ್ಕೆ. ಹೊಡಿಯೋ ದಿನ ಕಿಟಕಿ ಹಾಕ್ಕೊಳ್ಳಿ, ಮಕ್ಕಳನ್ನ ಸಾಲಿನೊಳಗೆ ಬಿಡ್ಬೇಡಿ. ಹಂಗಿದ್ರೂ ಜೂನ್ ನಂಗೆ ಇಷ್ಟ, ಅದು ಬಿಟ್ರೆ ಅಕ್ಟೋಬರ್ ಕೊನೆ, ಆಗ ಕೊಯ್ಲು ಮುಗ್ದಿರತ್ತೆ, ಎಲೆ ಹಳದಿ ಕೆಂಪು ಆಗಿರತ್ತೆ, ಮಾತಾಡಕ್ಕೆ ಅವ್ರಿಗೂ ಪುರುಸೊತ್ತು. ಆಲ್ಸಾಸ್ ಕಡೆ ಹೋಗೋರಿಗೆ 1953ರಲ್ಲಿ ಶುರುವಾದ ವೈನ್ ರೂಟ್ ಇದೆ, ಮಾರ್ಲೆನ್‌ಹೈಮಿಂದ ಥಾನ್‌ವರೆಗೆ ಸುಮಾರು 170 ಕಿಲೋಮೀಟರ್, ಆ ಕಾಲಕ್ಕೆ ಹೇಳಿ ಮಾಡ್ಸಿದ ದಾರಿ.

ಬೇರೆ ದೇಶಗಳಲ್ಲೂ ಇದೇ ಥರ ಇದೆ, ಬೇಗ ಹೇಳ್ತೀನಿ. ಜರ್ಮನಿಲಿ ಲಾಂಡ್‌ಫೆರ್‌ಗ್ನ್ಯೂಗನ್, ಇಟಲಿಲಿ ಫತ್ತೋರೆ ಅಮಿಕೊ, ಸ್ಪೇನಲ್ಲಿ ಎಸ್ಪಾನ್ಯಾ ಡಿಸ್ಕವರಿ, ಅಮೆರಿಕದಲ್ಲಿ ಹಾರ್ವೆಸ್ಟ್ ಹೋಸ್ಟ್ಸ್, ಅಲ್ಲಿ ಮಾತ್ರ ಮೊದ್ಲೇ ರಿಕ್ವೆಸ್ಟ್ ಕಳಿಸ್ಬೇಕು, ಏನಾದ್ರೂ ಕೊಂಡ್ಕೊಳ್ಳಿ ಅಂತ ನೇರವಾಗೇ ಹೇಳ್ತಾರೆ. ಇವೆಲ್ಲ ಯಾಕೆ ಬೇಕು, ರೋಡ್ ಸೈಡಲ್ಲೇ ಮಲ್ಗಿದ್ರೆ ಆಗಲ್ವಾ ಅಂತ ಕೇಳ್ಬೋದು. ದೇಶದಿಂದ ದೇಶಕ್ಕೆ ಕಾನೂನು ಬೇರೆ. ಇಟಲಿ ಕಾನೂನಲ್ಲಿ ಗಾಡಿ ಚಕ್ರ ಮಾತ್ರ ನೆಲ ಮುಟ್ಟಿದ್ರೆ, ಹೊರಗೆ ಏನೂ ಹರಡ್ದೆ ಇದ್ರೆ, ನೀರು ಬಿಡ್ದೆ ಇದ್ರೆ ಅದು ಬರೀ ಪಾರ್ಕಿಂಗ್, ಕುರ್ಚಿ ಹಾಕಿದ್ರೆ ಕ್ಯಾಂಪಿಂಗ್. ಕ್ರೊಯೇಶಿಯಾದಲ್ಲಿ ಕ್ಯಾಂಪ್‌ಸೈಟ್ ಬಿಟ್ಟು ಹೊರಗೆ ರಾತ್ರಿ ಕಳೆದ್ರೆ ದಂಡ. ರೈತರ ಅಂಗಳದಲ್ಲಿ ಮಾಲೀಕರೇ ಕರ್ದಿರೋದ್ರಿಂದ ರಾತ್ರಿ ಎರಡು ಗಂಟೆಗೆ ಪೊಲೀಸ್ ಬಂದು ಎಬ್ಬಿಸೋ ಭಯ ಇಲ್ದೆ ಮಲಗ್ಬೋದು.

[ಸ್ಕ್ರೀನ್ ಮೇಲೆ: ನಾವು ಕುಡಿಯಲ್ಲ, ಏನ್ ಮಾಡೋದು?]

ಈ ಪ್ರಶ್ನೆ ಬಂದೇ ಬರತ್ತೆ, ಅದಕ್ಕೇ ಈಗ್ಲೇ ಹೇಳ್ಬಿಡ್ತೀನಿ. ಕುಡಿಯದೇ ಇರೋರಿಗೆ ವೈನ್‌ಯಾರ್ಡ್ ಬಿಟ್ಟು ನೂರಾರು ಜಾಗ ಇದೆ. ಪೆರಿಗೋರ್ ಕಡೆ ವಾಲ್ನಟ್ ಎಣ್ಣೆ ತೆಗೆಯೋ ಗಾಣ, ಪ್ರೊವಾನ್ಸಲ್ಲಿ ಲ್ಯಾವೆಂಡರ್, ಜೇನು. ವೈನ್ ಮಾಡೋರಲ್ಲೂ ಕೆಲವ್ರು ದ್ರಾಕ್ಷಿ ಜ್ಯೂಸ್ ಬಾಟ್ಲಿ ಮಾಡಿ ಮಾರ್ತಾರೆ, ಕೇಳಿ ನೋಡಿ. ಚೀಸ್ ಫಾರ್ಮ್‌ಗೆ ಹೋಗೋ ಸಸ್ಯಾಹಾರಿಗಳು ಮಾತ್ರ ಒಂದು ತಿಳ್ಕೊಂಡಿರಿ, ಕಾಂಟೆ ಥರದ ಫ್ರೆಂಚ್ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆಯೋ ರೆನೆಟ್ ಹಾಕ್ತಾರೆ. ತಿನ್ನೋದು ಬಿಡೋದು ನಿಮ್ಗೆ ಬಿಟ್ಟಿದ್ದು, ಬಾಯಿಗಿಟ್ಟಾದ್ಮೇಲೆ ಗೊತ್ತಾಗೋದ್ಕಿಂತ ಮೊದ್ಲೇ ಗೊತ್ತಿರೋದು ವಾಸಿ. ನಾಯಿ ಕರ್ಕೊಂಡು ಹೋಗೋರು ಹಗ್ಗ ಬಿಚ್ಬೇಡಿ, ಅಲ್ಲಿ ಕೋಳಿ ಇರತ್ತೆ, ಅವರ ನಾಯಿನೂ ಇರತ್ತೆ. ಬೆಳಿಗ್ಗೆ ಹೊರಡೋವಾಗ ಹೇಳ್ದೆ ಜಾರ್ಕೊಬೇಡಿ, ಹೋಗಿ ಮೆರ್ಸಿ ಅಂದು ಬನ್ನಿ, ಯಾರೂ ಕಾಣಿಸ್ಲಿಲ್ಲ ಅಂದ್ರೆ ಬಾಗಿಲ ಹತ್ರ ಒಂದು ಚೀಟಿ ಬರ್ದಿಟ್ರೂ ಆಯ್ತು.

ಟಾಯ್ಲೆಟ್ ಕ್ಯಾಸೆಟ್ ಹೇಗೆ ಖಾಲಿ ಮಾಡೋದು ಅಂತ ತುಂಬ ಜನ ಕೇಳಿದೀರ, ಮುಂದಿನ ವಿಡಿಯೋ ಅದ್ರ ಮೇಲೇ, ಊಟ ಮಾಡ್ತಾ ನೋಡ್ಬೇಡಿ.