ನಾನು ಕೊಂಡ ಪೆಟ್ಟಿಗೆಗೆ ಬೇರೆಯವರ ಬೀಗ

ನಮಸ್ಕಾರ. ಕಳೆದ ಸಂಚಿಕೆಯನ್ನು ನೋಡಿದ ಒಬ್ಬರು, “ಡಿಟಿಎಚ್ (ಮನೆಯ ಡಿಶ್ ಮೂಲಕ ಟಿವಿ ತೋರಿಸುವ) ಕಂಪನಿ ಬದಲಾಯಿಸಿದರೆ ಹೊಸ ಸೆಟ್ ಟಾಪ್ ಬಾಕ್ಸ್ ಕೊಂಡರಾಯಿತು, ಅಷ್ಟೇ, ಅದಕ್ಕೇಕೆ ಇಷ್ಟು ಗೋಳು?” ಎಂದು ಕೇಳಿದ್ದಾರೆ. ಆ ‘ಅಷ್ಟೇ’ ಎಂಬ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. ಹಣ ಕೊಟ್ಟು ಕೊಂಡ ಪೆಟ್ಟಿಗೆ ಕೊಂಡವರದ್ದಾಗಿರಬೇಕು ಎಂಬುದೊಂದೇ ಈ ಹೊತ್ತು ನನ್ನ ವಾದ.

ಎಚ್‌ಡಿ ಪೆಟ್ಟಿಗೆಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯ ಎಸ್‌ಡಿ ಚಿತ್ರದಲ್ಲಿ 720 ಅಡ್ಡ, 576 ಉದ್ದ ಚುಕ್ಕಿಗಳಿದ್ದರೆ ಎಚ್‌ಡಿಯಲ್ಲಿ ಅವು 1920 ಮತ್ತು 1080 ಆಗುತ್ತವೆ, ಅಂದರೆ ಸರಿಯಾಗಿ ಐದು ಪಟ್ಟು. ಜೋರು ಮಳೆ ಬಂದಾಗ ಚಿತ್ರ ನಿಂತುಹೋಗುವುದಕ್ಕೂ ನನ್ನ ದೂರಿಲ್ಲ. ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಇಳಿಯುವ ಕೆಯು ಬ್ಯಾಂಡ್ ಎಂಬ ಆವರ್ತನದ ಅಲೆಯನ್ನು ಮಳೆಹನಿಗಳು ಹೀರಿಕೊಳ್ಳುವುದು ಪ್ರಕೃತಿಯ ನಿಯಮ. ಆದರೆ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೆ ಒಗ್ಗದಂತೆ ಮಾಡುವ ಬೀಗ ಮಳೆಯಂತಲ್ಲ, ಅದು ಮನುಷ್ಯರು ಯೋಚಿಸಿ ಹಾಕಿದ್ದು.

ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮ 2019ರ ಮೈಸೂರು ಜಂಬೂ ಸವಾರಿಯ ನೇರಪ್ರಸಾರವನ್ನು ಪೆಟ್ಟಿಗೆಗೆ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅರ್ಜುನ ಚಿನ್ನದ ಅಂಬಾರಿ ಹೊತ್ತ ಕೊನೆಯ ವರ್ಷ ಅದು. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಕಾಡಾನೆ ಕಾರ್ಯಾಚರಣೆಯಲ್ಲಿ ಅವನು ಸತ್ತ ಸುದ್ದಿ ಬಂದ ರಾತ್ರಿ, ಅಮ್ಮ ಆ ರೆಕಾರ್ಡಿಂಗನ್ನು ಮತ್ತೆ ಹಾಕಿಕೊಂಡು, ಅರ್ಜುನ ತಲೆಯಾಡಿಸುವ ಒಂದು ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಈಚೆಗೆ ನಾವು ಕಂಪನಿ ಬದಲಾಯಿಸಿದೆವು. ಹಳೆಯ ಪೆಟ್ಟಿಗೆಯಲ್ಲಿ ಚಂದಾ ಮುಗಿದಿದೆ ಎಂಬ ಸಾಲು ಬಿಟ್ಟು ಬೇರೇನೂ ಕಾಣಲಿಲ್ಲ, ಹೊಸ ಪೆಟ್ಟಿಗೆ ಆ ಡಿಸ್ಕನ್ನು ಗುರುತಿಸಲಿಲ್ಲ, ಲ್ಯಾಪ್‌ಟಾಪಿಗೆ ಜೋಡಿಸಿದರೆ ಕಡತಗಳ ಹೆಸರುಗಳು ಕಂಡವೇ ಹೊರತು ಒಂದೂ ತೆರೆಯಲಿಲ್ಲ. ಪೆಟ್ಟಿಗೆ ನಮ್ಮದು, ಡಿಸ್ಕ್ ನಮ್ಮದು, ವಿದ್ಯುತ್ ಬಿಲ್ಲು ನಮ್ಮದು. ಒಳಗಿನ ಆನೆ ಮಾತ್ರ ಕಂಪನಿಯದು!

ಬೀಗವಿಲ್ಲದಿದ್ದರೆ ಪ್ರಸಾರದ ಕಳ್ಳತನವಾಗುತ್ತದೆ ಎನ್ನುತ್ತಾರೆ. ಬೀಗವೇ ಬೇಡವೆಂದು ಹೇಳಿದವರು ಯಾರು? ಉಪಗ್ರಹದ ಅಲೆಯನ್ನು ಹಿಡಿದು ಚಿತ್ರವಾಗಿ ಬಿಡಿಸುವ ಕೆಲಸ ಎಲ್ಲ ಕಂಪನಿಗಳ ಪೆಟ್ಟಿಗೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯದು, ಮುಖ್ಯವಾಗಿ ಬೇರೆಯಾಗಿರುವುದು ಗೂಢಲಿಪಿಯ ಕೀಲಿಕೈ. ಆ ಕೀಲಿಕೈಯನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಚಿಕ್ಕ ಬಿಡಿಭಾಗದಲ್ಲಿ ಕೊಟ್ಟರೆ, ಕಂಪನಿ ಬದಲಾದಾಗ ಆ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕು. ಇದು ನನ್ನ ಕನಸೂ ಅಲ್ಲ. ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಒಗ್ಗಬೇಕೆಂಬ ಮಾತು 2001ರ ಡಿಟಿಎಚ್ ಪರವಾನಗಿಯ ಷರತ್ತಿನಲ್ಲಿಯೇ ಇತ್ತು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಯುಎಸ್‌ಬಿ ವಿಧಾನವನ್ನೇ ಶಿಫಾರಸು ಮಾಡಿತು. ನಮ್ಮ ಮನೆಯ ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೂ ಆ ಸೌಲಭ್ಯವಿಲ್ಲ.

ಮೊಬೈಲಿನಲ್ಲಿ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಸಿಮ್ ಬದಲಾಯಿಸಿದ್ದಕ್ಕೆ ಫೋನನ್ನು ಗುಜರಿಗೆ ಹಾಕು ಎಂದು ಯಾರಾದರೂ ಹೇಳಿದರೆ ನೀವು ಕೇಳುತ್ತೀರಾ? ಹಾಗಾದರೆ ಸೆಟ್ ಟಾಪ್ ಬಾಕ್ಸಿಗೆ ಮಾತ್ರ ಏಕೆ ತಲೆಬಾಗಿಸಬೇಕು?

ಬೆಲೆ ಕಡಿಮೆ ಎನ್ನಬೇಡಿ. ಹೊಸದರಲ್ಲಿ ಚಿತ್ರ ಇನ್ನೂ ಚೆನ್ನಾಗಿದೆ ಎನ್ನಬೇಡಿ. ಈಗ ಎಲ್ಲರೂ ಇಂಟರ್ನೆಟ್ಟಿನಲ್ಲಿಯೇ ನೋಡುತ್ತಾರೆ ಎಂದಂತೂ ಎಪ್ಪತ್ತು ದಾಟಿದ ನನ್ನ ಅಮ್ಮನ ಮುಂದೆ ಹೇಳಲೇಬೇಡಿ. ಕೊಂಡದ್ದು ನಮ್ಮದು. ‘ಅಷ್ಟೇ’ ಎಂದು ಬರೆದ ಮಹನೀಯರೇ, ಹಳೆಯ ಪೆಟ್ಟಿಗೆಯನ್ನೂ ಆ ಡಿಸ್ಕನ್ನೂ ನಾನು ಗುಜರಿಗೆ ಹಾಕುವುದಿಲ್ಲ.