ನಾಯಿ ತರಲು ಸರಿಯಾದ ಸಮಯ ಯಾವುದು? ಮರಿ ನೋಡಲು ಹೋಗುವ ಮೊದಲು ಈ ವಿಡಿಯೋ ನೋಡಿ

(ದೃಶ್ಯ: ಬುಟ್ಟಿಯಲ್ಲಿ ಮಲಗಿರುವ ಮರಿಗಳು. ನಂತರ ನಿರೂಪಕಿ ತೆರೆಯ ಮೇಲೆ.)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಂತು ಅಂದರೆ ನಮ್ಮ ಚಾನೆಲ್‌ಗೆ ಬರುವ ಸಂದೇಶಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಮಕ್ಕಳಿಗೆ ರಜೆ ಸಿಕ್ಕಿದೆ, ನಾಯಿಮರಿ ಬೇಕೇ ಬೇಕು ಅಂತ ಹಠ ಹಿಡಿದಿದ್ದಾರೆ. ಯಾವ ತಳಿ ತರೋಣ?" ತಳಿಯ ಮಾತು ಆಮೇಲೆ ಆಡೋಣ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದಿದೆ. ಈಗಲೇ ತರಬೇಕಾ, ಸ್ವಲ್ಪ ಕಾಯಬೇಕಾ?

ಲೆಕ್ಕ ಹಾಕಿ ನೋಡಿ. ಏಪ್ರಿಲ್ ಕೊನೆಗೆ ಎರಡು ತಿಂಗಳ ಮರಿ ಮನೆಗೆ ಬರುತ್ತದೆ. ರಜೆಯಲ್ಲಿ ಮಕ್ಕಳು ಇಡೀ ದಿನ ಅದರ ಜೊತೆಗೇ ಇರುತ್ತಾರೆ. ಜೂನ್ ಮೊದಲ ವಾರ ಒಂದು ಬೆಳಗ್ಗೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಮನೆ ಖಾಲಿ. ಮರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ಕೂಗುತ್ತದೆ, ಬಾಗಿಲು ಕೆರೆಯುತ್ತದೆ, ಪಕ್ಕದ ಮನೆಯವರು ಬಂದು ದೂರು ಹೇಳುತ್ತಾರೆ. ಜುಲೈ ಹೊತ್ತಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ವಸಡು ಕಡಿಯುತ್ತದೆ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಚಪ್ಪಲಿ, ಸೋಫಾ ಮೂಲೆ, ಚಾರ್ಜರ್ ವೈರು ಯಾವುದೂ ಉಳಿಯುವುದಿಲ್ಲ. ದಸರಾ ಮುಗಿಯುವಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ "ಮರಿಗೆ ಒಳ್ಳೆಯ ಮನೆ ಹುಡುಕುತ್ತಿದ್ದೇವೆ" ಅನ್ನೋ ಸಂದೇಶ.

ಆ ಮನೆಯವರು ಕೆಟ್ಟವರಲ್ಲ. ರಜೆಯ ದಿನಗಳನ್ನು ನೋಡಿ ನಾಯಿ ತಂದರು, ಅಷ್ಟೇ. ವರ್ಷದಲ್ಲಿ ಜಾಸ್ತಿ ಇರುವುದು ಶಾಲೆ, ಆಫೀಸು ಇರುವ ದಿನಗಳು.

ಅದಕ್ಕೇ ನಾನು ಹೇಳೋದು ಇಷ್ಟು. ನಿಮ್ಮ ಮನೆಯ ತೀರಾ ಮಾಮೂಲಿ ದಿನವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಜುಲೈನ ಒಂದು ಮಂಗಳವಾರ, ಹೊರಗೆ ಜಿಟಿಜಿಟಿ ಮಳೆ, ನಿಮಗೆ ಒಂಬತ್ತಕ್ಕೆ ಮೀಟಿಂಗ್. ಆ ದಿನ ನಾಯಿಗೆ ಬೇಕಾದ ಹೊತ್ತು ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಸಮಯ ಬಂದಿದೆ. ಇಲ್ಲವಾದರೆ ಇನ್ನೂ ಬಂದಿಲ್ಲ. ದೊಡ್ಡ ಮನೆ, ಒಳ್ಳೆ ಸಂಬಳ, ನಾಯಿ ಮೇಲಿನ ಪ್ರೀತಿ ಎಲ್ಲ ಬೇಕು ನಿಜ, ಆದರೆ ಅವು ಯಾವುವೂ ಈ ಹೊತ್ತಿನ ಬದಲಿಗೆ ಬರುವುದಿಲ್ಲ.

(ತೆರೆಯ ಮೇಲೆ: ಎರಡು ತಿಂಗಳ ಮರಿಯ ಒಂದು ದಿನ)

ಎಷ್ಟು ಹೊತ್ತು ಬೇಕು? ಹತ್ತಿರದಿಂದ ನೋಡೋಣ.

ಬೆಳಗ್ಗೆ ಐದೂವರೆಗೆ ಮರಿ ಎದ್ದಿದೆ. ಮೂಗು ನೆಲಕ್ಕೆ ಹಚ್ಚಿ ಮೂಸುತ್ತಾ ಒಂದು ಸುತ್ತು ಹಾಕುತ್ತದೆ, ಇನ್ನೊಂದು ಸುತ್ತು ಹಾಕುತ್ತದೆ, ಹಿಂಗಾಲು ಸ್ವಲ್ಪ ಬಾಗುತ್ತದೆ. ನಿಮಗಿರುವುದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಎತ್ತಿಕೊಂಡು ಅದರ ಜಾಗಕ್ಕೆ ಬಿಟ್ಟರೆ ಅದು ಕಲಿಯುತ್ತದೆ. ನೀವು ಹಲ್ಲುಜ್ಜುತ್ತಿದ್ದರೆ ನೆಲ ಒರೆಸುತ್ತೀರಿ. ಈ ವಯಸ್ಸಿನ ಮರಿ ಎರಡು, ಹೆಚ್ಚೆಂದರೆ ಮೂರು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು. ನಿದ್ದೆಯಿಂದ ಎದ್ದಾಗ, ಊಟ ಆದಮೇಲೆ, ಆಡಿ ಮುಗಿಸಿದಾಗ ಅದರ ಜಾಗಕ್ಕೆ ಕರೆದುಕೊಂಡು ಹೋಗಲೇಬೇಕು. ದಿನಕ್ಕೆ ಮೂರು ನಾಲ್ಕು ಸಲ ಊಟ. ಉಳಿದ ಹೊತ್ತು ಬಹುಪಾಲು ನಿದ್ದೆ. ರಾತ್ರಿ ಎರಡು ಗಂಟೆಗೆ ಮತ್ತೆ ಕುಂಯ್ ಅನ್ನುತ್ತದೆ, ಯಾರಾದರೂ ಏಳಬೇಕು.

ಇದರ ಜೊತೆಗೆ ಲಸಿಕೆಗಳ ಓಡಾಟ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ಆಗುವವರೆಗೆ. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಅದನ್ನು ನಂತರವೂ ಡಾಕ್ಟರ್ ಹೇಳಿದ ಹಾಗೆ ತಪ್ಪದೆ ಹಾಕಿಸಬೇಕು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ನಾಯಿಯಾಗಲಿ ಮನುಷ್ಯರಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅಲ್ಲಿ ಉದಾಸೀನ ಬೇಡ.

ಇಲ್ಲೊಂದು ಇಕ್ಕಟ್ಟು ಇದೆ. ಲಸಿಕೆ ಪೂರ್ತಿ ಆಗುವ ತನಕ ಮರಿಯನ್ನು ರಸ್ತೆಗೆ, ಪಾರ್ಕಿಗೆ ಇಳಿಸಬಾರದು. ಪಾರ್ವೋ ಅನ್ನೋ ವೈರಸ್ ವಾಂತಿ, ರಕ್ತಭೇದಿ ತಂದು ಕೆಲವೇ ದಿನಗಳಲ್ಲಿ ಮರಿಯ ಜೀವ ತೆಗೆಯಬಲ್ಲದು. ಇನ್ನೊಂದು ಕಡೆ, ಮರಿಯ ಸ್ವಭಾವ ರೂಪುಗೊಳ್ಳುವುದು ಸರಿಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದ ಒಳಗೆ. ಆಗ ಕಂಡಿದ್ದು, ಕೇಳಿದ್ದು ಅದಕ್ಕೆ ಮಾಮೂಲಿ ಆಗುತ್ತದೆ. ಆಗ ಕಾಣದೇ ಇದ್ದದ್ದು ಮುಂದೆ ಭಯ ಹುಟ್ಟಿಸುತ್ತದೆ. ಹಾಗಾಗಿ ಮರಿಯನ್ನು ಕೈಯಲ್ಲಿ ಎತ್ತಿಕೊಂಡೇ ಲೋಕ ತೋರಿಸಬೇಕು. ಆಟೋ ಹಾರ್ನ್, ಕುಕ್ಕರ್ ವಿಷಲ್, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲು ಹಿಡಿದ ಅಜ್ಜ, ಲಿಫ್ಟ್ ಬಾಗಿಲು ಎಲ್ಲವನ್ನೂ. ಈ ಕೆಲಸವನ್ನು ಆಮೇಲೆ ಬಿಡುವಾದಾಗ ಮಾಡೋಣ ಅಂತ ಮುಂದೂಡಲು ಆಗುವುದಿಲ್ಲ. ಮೊದಲ ಎರಡು ಮೂರು ತಿಂಗಳು ಮನೆಯಲ್ಲಿ ಒಬ್ಬರು ಇರಲೇಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ವರ್ಕ್ ಫ್ರಮ್ ಹೋಮ್ ಇದ್ದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ಕಾಲ್‌ನಲ್ಲಿ ಕೂರುವವರು ಮನೆಯಲ್ಲಿದ್ದರೂ ಮರಿಯ ಪಾಲಿಗೆ ಇಲ್ಲದ ಹಾಗೇ.

(ದೃಶ್ಯ: ಕ್ಯಾಲೆಂಡರ್. ಅಕ್ಟೋಬರ್, ನವೆಂಬರ್ ಪುಟಗಳ ಮೇಲೆ ಕೆಂಪು ಗುರುತು.)

ತಿಂಗಳ ವಿಷಯಕ್ಕೆ ಬರೋಣ. ದೀಪಾವಳಿ ಹತ್ತಿರ ಇರುವಾಗ ಮರಿ ತರಲೇಬೇಡಿ. ಅಮ್ಮನನ್ನು ಬಿಟ್ಟು ಬಂದು ಒಂದು ವಾರವೂ ಆಗಿಲ್ಲ, ಅಷ್ಟರಲ್ಲಿ ಮೂರು ದಿನ ಪಟಾಕಿ. ಆ ವಯಸ್ಸಿನಲ್ಲಿ ಹೊಕ್ಕ ಭಯ ಕೆಲವು ನಾಯಿಗಳಿಗೆ ಜೀವನಪೂರ್ತಿ ಬಿಡುವುದಿಲ್ಲ. ಗಣೇಶನ ವಿಸರ್ಜನೆ ಜೋರಾಗಿ ನಡೆಯುವ ಬೀದಿಯಲ್ಲಿ ಇದ್ದರೆ ಆ ದಿನಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೂ ಅಷ್ಟೇ, ಬಂದುಹೋಗುವವರ ಕಾಲಡಿ ಮರಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊರಗೆ ಕರೆದೊಯ್ದು ಅಭ್ಯಾಸ ಮಾಡಿಸುವುದು ಕಷ್ಟ, ಮಲೆನಾಡು ಕರಾವಳಿ ಕಡೆಯಂತೂ ಕೇಳಲೇಬೇಡಿ. ನನ್ನನ್ನು ಕೇಳಿದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನೆಲ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ, ಮುಂದಿನ ದೀಪಾವಳಿಗೆ ಮರಿ ಬೆಳೆದು ಗಟ್ಟಿಯಾಗಿರುತ್ತದೆ. ರಾತ್ರಿ ಬೆಚ್ಚಗೆ ಮಲಗಲು ಜಾಗ ಕೊಟ್ಟರೆ ಆಯಿತು.

ಇಷ್ಟು ಈ ವರ್ಷದ ಮಾತು. ನಾಯಿ ಇರುವುದು ಹತ್ತರಿಂದ ಹದಿನೈದು ವರ್ಷ. ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆ ನಾಯಿಯ ಆಯಸ್ಸಿನಲ್ಲಿ ನೀವು ಎಷ್ಟು ಸಲ ಮನೆ ಬದಲಿಸಬಹುದು, ಪ್ರತಿ ಸಲವೂ ನಾಯಿ ಬೇಡ ಅನ್ನುವ ಮಾಲೀಕರನ್ನು ಎಷ್ಟು ಜನರನ್ನು ದಾಟಬೇಕು? ಅಪಾರ್ಟ್‌ಮೆಂಟ್ ಸಂಘದ ವಿಚಾರದಲ್ಲಿ ನಿಮಗೆ ಬಲ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತದಿಂದ ನಿರ್ಣಯ ಮಾಡಿದರೂ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತೆಯೂ ಇಲ್ಲ. ಮನೆ ಮಾಲೀಕರ ಮಾತು ಬೇರೆ. ಬಾಯಿಮಾತಿನ "ಪರವಾಗಿಲ್ಲ ಬಿಡಿ" ನಂಬಬೇಡಿ. ಕರಾರಿನಲ್ಲೇ ಬರೆಸಿಕೊಳ್ಳಿ. ಆಮೇಲೆ ಮರಿ ತನ್ನಿ.

ಐಟಿ ಕೆಲಸದವರಿಗೆ ಇನ್ನೊಂದು ಮಾತು. ಆರು ತಿಂಗಳಲ್ಲಿ ಆನ್‌ಸೈಟ್ ಅಂತ ವಿದೇಶಕ್ಕೆ ಹೋಗುವ ಸಂಭವ ಇದ್ದರೆ ದಯವಿಟ್ಟು ಈಗ ಬೇಡ. ಭಾರತದಿಂದ ಜರ್ಮನಿಗೆ ನಾಯಿ ಕರೆದೊಯ್ಯಬೇಕು ಅಂದರೆ ಮೈಕ್ರೋಚಿಪ್, ರೇಬೀಸ್ ಲಸಿಕೆ, ಮೂವತ್ತು ದಿನ ಆದಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ಮೇಲೆ ಮತ್ತೆ ಮೂರು ತಿಂಗಳು ಕಾಯಬೇಕು. ಅಮೆರಿಕ 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿದೆ. ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಆಸ್ಟ್ರೇಲಿಯಾಕ್ಕಂತೂ ಇಲ್ಲಿಂದ ನೇರವಾಗಿ ಕರೆದೊಯ್ಯಲು ಸಾಧ್ಯವೇ ಇಲ್ಲ. ಎಷ್ಟೋ ಮನೆಗಳಲ್ಲಿ ಆಗುವುದೇನು ಅಂದರೆ ವೀಸಾ ಬರುತ್ತದೆ, ನಾಯಿ ಊರಿನ ಅಪ್ಪ ಅಮ್ಮನ ಮನೆಗೆ ಹೋಗುತ್ತದೆ. ಅರವತ್ತೈದು ದಾಟಿದವರ ಕೈಗೆ ಮೂವತ್ತು ಕೆಜಿಯ ಲ್ಯಾಬ್ರಡಾರ್ ಹಗ್ಗ. ಅವರನ್ನು ಯಾರೂ ಕೇಳಿರುವುದಿಲ್ಲ.

ಹಿರಿಯರ ಮಾತು ಬಂತಲ್ಲ, ಅದನ್ನೂ ಮಾತಾಡಿಬಿಡೋಣ. ಮಡಿ ಮಾಡುವ ಅಜ್ಜಿ ಇರುವ ಮನೆಗೆ ನಾಯಿ ಬರಬಾರದು ಅಂತೇನಿಲ್ಲ. ಆದರೆ ಅವರಿಗೆ ಹೇಳದೆ ಒಂದು ಸಂಜೆ ಡಬ್ಬದಲ್ಲಿ ಮರಿ ತಂದು ಅಚ್ಚರಿ ಕೊಡುವುದು ಅವರಿಗೂ ಒಳ್ಳೆಯದಲ್ಲ, ಮರಿಗೂ ಒಳ್ಳೆಯದಲ್ಲ. ದೇವರ ಮನೆ, ಅಡುಗೆ ಮನೆಗೆ ಅಡ್ಡ ಬಾಗಿಲು ಹಾಕಿಸುವುದಾ, ಸಸ್ಯಾಹಾರದ ಮನೆಯಾದರೆ ನಾಯಿಗೆ ಏನು ಹಾಕುವುದು, ಮೊಟ್ಟೆ ಬೇಯಿಸಲು ಬೇರೆ ಪಾತ್ರೆ ಇಡಬಹುದಾ, ಇದೆಲ್ಲ ಮೊದಲೇ ತೀರ್ಮಾನ ಆಗಲಿ. ಬರೀ ಮೊಸರನ್ನ ಹಾಕಿ ಬೆಳೆಸಿದರೆ ಮರಿಗೆ ಪ್ರೋಟೀನ್ ಸಾಲುವುದಿಲ್ಲ. ಮಾತು ಮುಗಿಯಲು ಆರು ತಿಂಗಳು ಬೇಕಾದರೆ ಆರು ತಿಂಗಳು ತಗೊಳ್ಳಿ.

ಹೊಸದಾಗಿ ಮದುವೆಯಾದವರು ನನ್ನ ಹತ್ತಿರ ತುಂಬಾ ಕೇಳುತ್ತಾರೆ. ಒಂದು ವರ್ಷದಲ್ಲಿ ಮಗು ಬೇಕು ಅನ್ನುವ ಯೋಚನೆ ಇದ್ದರೆ ಒಂದೋ ಈಗಲೇ ತಂದು ಮಗು ಬರುವ ಹೊತ್ತಿಗೆ ನಾಯಿಯನ್ನು ಪಳಗಿಸಿ, ಇಲ್ಲವೇ ಮಗುವಿಗೆ ನಾಲ್ಕೈದು ವರ್ಷ ಆಗುವ ತನಕ ಬಿಡಿ. ಕೈಯಲ್ಲಿ ಹಸುಗೂಸು, ಕಾಲಡಿ ಎರಡು ತಿಂಗಳ ಮರಿ, ಎರಡೂ ಒಟ್ಟಿಗೆ ಬೇಡವೇ ಬೇಡ.

(ದೃಶ್ಯ: ಬಯಲಿನಲ್ಲಿ ಓಡುವ ಮುಧೋಳ ನಾಯಿ.)

ಈಗ ತಳಿಯ ಮಾತು. ಮುಧೋಳ ನಾಯಿ ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ತಂದಿತು, ಸೇನೆ ಮೀರತ್‌ನಲ್ಲಿ ಈ ತಳಿಗೆ ತರಬೇತಿ ಕೊಟ್ಟಿದೆ. ಹೆಸರು ಬಂದಮೇಲೆ ಬೆಂಗಳೂರಿನ ಫ್ಲ್ಯಾಟ್‌ನವರೂ ಕೇಳತೊಡಗಿದರು. ಆದರೆ ಇದು ಬಯಲಲ್ಲಿ ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಕೊಂಡು ಹೋಗಲು ಬೆಳೆಸಿದ ನಾಯಿ. ಅದಕ್ಕೆ ಓಡಲು ಜಾಗ ಬೇಕು, ಹಗ್ಗ ಬಿಚ್ಚಿ ಓಡಿಸಲು ಬೇಲಿ ಇರುವ ಜಾಗ ಬೇಕು. ತೋಟ, ಹೊಲ ಇರುವವರಿಗೆ ಇಂದೇ ಸಮಯ ಇರಬಹುದು, ಎರಡು ಕೋಣೆಯ ಫ್ಲ್ಯಾಟಿಗೆ ಆ ಸಮಯ ಬರುವುದೇ ಇಲ್ಲ. ಹಸ್ಕಿಯ ಕಥೆ ಇನ್ನೂ ಬೇಸರದ್ದು. ಸೈಬೀರಿಯದ ಚಳಿಗೆಂದು ಬೆಳೆದ ಎರಡು ಪದರದ ಕೂದಲು ಹೊತ್ತು ಕಲಬುರಗಿಯ ಮೇ ತಿಂಗಳು ಕಳೆಯುವುದು ಯಾವ ನಾಯಿಗೂ ಬೇಡ.

ತೋಟದ ಮನೆಯವರಿಗೆ ಒಂದೇ ಮಾತು. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕಬೇಡಿ. ಭದ್ರವಾದ ಗೂಡು ಕಟ್ಟಿಸಿ, ಆಮೇಲೆ ನಾಯಿ ತನ್ನಿ.

ಮರಿಗೆ ಕೊಡುವಷ್ಟು ಹೊತ್ತು ಇಲ್ಲ, ಆದರೆ ನಾಯಿ ಬೇಕು ಅನ್ನುವವರಿಗೆ ದಾರಿ ಇದೆ. ಎರಡು ಮೂರು ವರ್ಷದ ನಾಯಿಯನ್ನು ದತ್ತು ತಗೊಳ್ಳಿ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ ಥರದ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಇಂಥ ನಾಯಿಗಳು ಮನೆಗಾಗಿ ಕಾಯುತ್ತಿರುತ್ತವೆ. ಗಾತ್ರ ಎಷ್ಟು, ಮಕ್ಕಳನ್ನು ಕಂಡರೆ ಹೇಗೆ, ಒಂಟಿಯಾಗಿ ಇರುತ್ತದಾ ಅನ್ನುವುದು ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ನಮ್ಮ ನಾಟಿ ನಾಯಿ ಇಲ್ಲಿನ ಹವೆಗೆ ಹೊಂದಿಕೊಂಡೇ ಬಂದದ್ದು. ನಿವೃತ್ತಿಯಾದವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಮರಿಯನ್ನೇ ಕೊಳ್ಳುತ್ತೀರಾ? 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೂವತ್ತು ದಿನದ ಮರಿ ಕೈಗಿಡಲು ಬಂದವರ ಹತ್ತಿರ ವ್ಯವಹಾರವೇ ಬೇಡ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ಅಮ್ಮ ಮತ್ತು ಒಡಹುಟ್ಟಿದವುಗಳ ಜೊತೆ ಆಡುತ್ತಾ, ಆ ಕೊನೆಯ ವಾರಗಳಲ್ಲೇ.

ಹಳೆಯ ನಾಯಿ ತೀರಿಕೊಂಡ ಮನೆಯವರೂ ಇದನ್ನು ನೋಡುತ್ತಿರುತ್ತೀರಿ. ಎಷ್ಟು ದಿನ ಕಾಯಬೇಕು ಅಂತ ಕೇಳುತ್ತೀರಿ. ಅದಕ್ಕೆ ದಿನದ ಲೆಕ್ಕ ಇಲ್ಲ. ಅದೇ ಬಣ್ಣ, ಅದೇ ತಳಿ, ಅದೇ ಹೆಸರು ಹುಡುಕುತ್ತಿದ್ದೀರಿ ಅಂದರೆ ಇನ್ನೂ ಸ್ವಲ್ಪ ತಡೆಯಿರಿ. ಬೇರೆ ಸ್ವಭಾವದ ನಾಯಿ ಬಂದರೂ ಸಂತೋಷವೇ ಅನ್ನಿಸಿದರೆ ಹೊರಡಿ. ಆ ನಾಯಿ ಪಾರ್ವೋದಿಂದ ಹೋಗಿದ್ದರೆ ಒಂದು ಎಚ್ಚರ ಬೇಕು. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ತಿ ಆದ ನಾಯಿಯನ್ನಷ್ಟೇ ಆ ಮನೆಗೆ ತನ್ನಿ.

(ನಿರೂಪಕಿ ಮತ್ತೆ ತೆರೆಯ ಮೇಲೆ.)

ಇನ್ನೂ ಅನುಮಾನ ಇದ್ದವರು ನಾಳೆಯಿಂದಲೇ ಹೀಗೆ ಮಾಡಿ. ನಾಯಿ ಇಲ್ಲದೆಯೇ ನಾಯಿಯ ವೇಳಾಪಟ್ಟಿಯಲ್ಲಿ ಬದುಕಿ. ಬೆಳಗ್ಗೆ ಆರಕ್ಕೆ ಅರ್ಧ ಗಂಟೆ ನಡಿಗೆ, ಮಧ್ಯಾಹ್ನ ಒಮ್ಮೆ ಹೊರಗೆ, ಸಂಜೆ ಮತ್ತೆ ಅರ್ಧ ಗಂಟೆ. ಮಳೆ ಬಂದರೂ ಹೋಗಿ, ಭಾನುವಾರವೂ ಹೋಗಿ. ಹಠ ಹಿಡಿದ ಮಕ್ಕಳೂ ಜೊತೆಗೆ ಬರಲಿ. ಊಟ ಮತ್ತು ಆಸ್ಪತ್ರೆಗೆ ಆಗುವ ಖರ್ಚನ್ನು ಹತ್ತಿರದ ಪಶುವೈದ್ಯರ ಬಳಿ ಕೇಳಿ, ಅಷ್ಟು ಹಣ ಪ್ರತಿ ತಿಂಗಳು ಬೇರೆ ಎತ್ತಿಡಿ. ಎರಡು ತಿಂಗಳು ತಪ್ಪದೆ ನಡೆಯಿತಾ? ಹಾಗಾದರೆ ಎತ್ತಿಟ್ಟ ಹಣದಲ್ಲಿ ಮೊದಲ ಲಸಿಕೆ ಹಾಕಿಸಬಹುದು. ನಡೆಯಲಿಲ್ಲವಾದರೆ ಯಾವ ದಿನ, ಯಾಕೆ ತಪ್ಪಿತು ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಅದಕ್ಕೆ ಏನು ಏರ್ಪಾಡು ಮಾಡಬಹುದು ಅಂತ ಮುಂದಿನ ವಿಡಿಯೋದಲ್ಲಿ ಕೂತು ಮಾತಾಡೋಣ.