ಬ್ಯಾಕಪ್‌ಗೆ ಮೊದಲು ಜಾಗ ಅಳೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಯಾರಾದರೂ ಈಗ ಕೇಳುತ್ತಿದ್ದರೆ, ಕಾಗದ ಪೆನ್ನು ಹತ್ತಿರ ಇಟ್ಟುಕೊಳ್ಳಿ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಬ್ಯಾಕಪ್ ಶುರುವಾಗುವ ಮೊದಲು ಜಾಗ ಅಳೆಯಿರಿ. ಅಳೆಯುವುದು ಸ್ಕ್ರಿಪ್ಟಿನ ಕೆಲಸವಾಗಲಿ, ನಿಮ್ಮ ನೆನಪಿನ ಕೆಲಸ ಆಗುವುದು ಬೇಡ.

ಹಗಲಿನಲ್ಲಿ ಡಿಸ್ಕ್ ಶೇಕಡ 70 ತುಂಬಿದೆ ಅಂತ ಕಾಣುತ್ತದೆ, ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಬ್ಯಾಕಪ್ ನಡೆಯುವ ಹೊತ್ತಿನ ಲೆಕ್ಕವೇ ಬೇರೆ. ಡೇಟಾಬೇಸ್ ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ನಕಲು, 60 ಜಿಬಿ, ಜಿಜಿಪ್‌ನಿಂದ ಕುಗ್ಗಿಸಿದರೆ 15 ಜಿಬಿ ಅಂತ ಇಟ್ಟುಕೊಳ್ಳಿ. ಸ್ಕ್ರಿಪ್ಟು ಮೊದಲು ಡಂಪ್ ಫೈಲು ಬರೆದು ಆಮೇಲೆ ಕುಗ್ಗಿಸಿದರೆ, ಆ ಕೆಲಸ ಮುಗಿಯುವ ಹೊತ್ತಿಗೆ ಎರಡೂ ಫೈಲು ಡಿಸ್ಕಿನ ಮೇಲೆ ಇರುತ್ತವೆ. ಅಂದರೆ 75 ಜಿಬಿ. ಬೆಳಿಗ್ಗೆ ಬಂದು ನೋಡಿದರೆ 15 ಮಾತ್ರ ಕಾಣುತ್ತದೆ, ರಾತ್ರಿಯ 75 ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಡಂಪನ್ನು ಫೈಲಿಗೆ ಬರೆಯದೆ, ಪೈಪ್ ಹಾಕಿ ನೇರವಾಗಿ ಜಿಜಿಪ್‌ಗೆ ಕೊಡಿ, 15 ಸಾಕು.

ಏಳು ರಾತ್ರಿಯ ಪ್ರತಿ ಇಟ್ಟುಕೊಳ್ಳುತ್ತೀರಾ? ಹಾಗಾದರೆ ಎಂಟಕ್ಕೆ ಜಾಗ ಬೇಕು. ಎಂಟನೆಯದು ಪೂರ್ತಿ ಬರೆದಾದ ಮೇಲೆ ತಾನೇ ಹಳೆಯದನ್ನು ಅಳಿಸುವುದು? 105 ಅಲ್ಲ, 120 ಜಿಬಿ. ಜಾಗ ಸಾಲದು ಅಂತ ಹಳೆಯದನ್ನೇ ಮೊದಲು ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಬ್ಯಾಕಪ್ ಪ್ರತಿ ರಾತ್ರಿ ಕೈಕೊಡುತ್ತಿದ್ದರೆ ವಾರ ಕಳೆಯುವಷ್ಟರಲ್ಲಿ ನಿಮ್ಮ ಹತ್ತಿರ ಒಂದು ಪ್ರತಿಯೂ ಉಳಿದಿರುವುದಿಲ್ಲ.

ಈಗ ಒಂದು ಸರ್ವರಿನ ಕಥೆ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಇದು ಎಲ್ಲಿ ಬೇಕಾದರೂ ಆಗುವಂಥದ್ದು. ರೂಟ್ ಪಾರ್ಟಿಷನ್, ಅಂದರೆ ಸಿಸ್ಟಮ್ ಇರುವ ಡಿಸ್ಕಿನ ಭಾಗ, 50 ಜಿಬಿ, ಅದರಲ್ಲಿ ಬಳಕೆಯಾಗಿರುವುದು 12. ಬ್ಯಾಕಪ್‌ಗೆ ಬೇರೆ ಡಿಸ್ಕ್ ಇದೆ, ಅದು ಸ್ಲ್ಯಾಶ್ ಬ್ಯಾಕಪ್ ಅನ್ನುವ ಡೈರೆಕ್ಟರಿಯಲ್ಲಿ ಮೌಂಟ್ ಆಗುತ್ತದೆ, ಅಂದರೆ ಆ ಡೈರೆಕ್ಟರಿಯ ಮೂಲಕ ಬಳಕೆಗೆ ಸಿಗುತ್ತದೆ. ಒಂದು ದಿನ ಸರ್ವರ್ ರೀಬೂಟ್ ಆಯಿತು. ಆ ಡಿಸ್ಕ್ ಮೌಂಟ್ ಆಗಲಿಲ್ಲ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್, ಅಂದರೆ ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು, ಅಂತ ಬರೆದಿದ್ದರಿಂದ ಸರ್ವರ್ ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ನಿಂತಿತು. ಡಿಸ್ಕ್ ಇಲ್ಲದಿದ್ದರೂ ಸ್ಲ್ಯಾಶ್ ಬ್ಯಾಕಪ್ ಅನ್ನುವ ಖಾಲಿ ಡೈರೆಕ್ಟರಿ ಇದ್ದೇ ಇದೆಯಲ್ಲ! ರಾತ್ರಿಯ ಸ್ಕ್ರಿಪ್ಟು ಅದರೊಳಗೇ ಬರೆಯಿತು. ಅದು ಇರುವುದು ರೂಟ್ ಪಾರ್ಟಿಷನ್ನಿನಲ್ಲಿ.

ಮೊದಲ ರಾತ್ರಿ 15 ಜಿಬಿ ಹೋಯಿತು, 23 ಉಳಿಯಿತು. ಎರಡನೇ ರಾತ್ರಿ ಮತ್ತೆ 15, ಉಳಿದದ್ದು 8. ಮೂರನೇ ರಾತ್ರಿ ಅರ್ಧ ಬ್ಯಾಕಪ್‌ಗೇ ರೂಟ್ ಭರ್ತಿ. ಲಾಗ್ ಬರೆಯಲು ಜಾಗವಿಲ್ಲ, ಟೆಂಪ್ ಫೈಲಿಗೆ ಜಾಗವಿಲ್ಲ, ಸೆಷನ್ ಫೈಲಿಗೂ ಇಲ್ಲ. ಬೆಳಿಗ್ಗೆ ಬಳಕೆದಾರರು ಲಾಗಿನ್ ಆಗುತ್ತಿಲ್ಲ ಅಂತ ದೂರು ಕೊಡುತ್ತಾರೆ. ಲಾಗಿನ್‌ಗೂ ಬ್ಯಾಕಪ್‌ಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು?

ಮುಂದೆ ಕೇಳಿ. ಅಡ್ಮಿನ್ ಬಂದು ಡಿಸ್ಕ್ ಮೌಂಟ್ ಆಗಿಲ್ಲ ಅಂತ ಗುರುತಿಸಿ, ಮೌಂಟ್ ಮೈನಸ್ ಎ ಕೊಡುತ್ತಾರೆ. ಡಿಸ್ಕ್ ಬಂತು, ಹಳೆಯ ಬ್ಯಾಕಪ್‌ಗಳು ಕಂಡವು. ಆದರೆ ಪಾರ್ಟಿಷನ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಮೈನಸ್ ಎಚ್ ಕೊಟ್ಟರೆ ರೂಟ್ ಇನ್ನೂ ಶೇಕಡ 100. ಕಣ್ಣಿಗೆ ಕಾಣುವ ಫೈಲುಗಳ ಗಾತ್ರ ಕೂಡಿಸಿ ಹೇಳುವ ಡಿಯು ಮೈನಸ್ ಎಕ್ಸ್ ಎಚ್ ಕೊಟ್ಟರೆ ಬರೀ 12 ಜಿಬಿ. ಉಳಿದ 38 ಎಲ್ಲಿ? ಈಗ ತಾನೇ ಮೌಂಟ್ ಮಾಡಿದ ಡಿಸ್ಕಿನ ಅಡಿಯಲ್ಲಿ. ಮೌಂಟ್ ಆದೊಡನೆ ಆ ಡೈರೆಕ್ಟರಿಯಲ್ಲಿ ಮೊದಲಿದ್ದದ್ದೆಲ್ಲ ಕಣ್ಮರೆಯಾಗುತ್ತದೆ, ಜಾಗ ಮಾತ್ರ ಬಿಡುವುದಿಲ್ಲ. ನೋಡಬೇಕೆಂದರೆ ಮೌಂಟ್ ಮೈನಸ್ ಮೈನಸ್ ಬೈಂಡ್ ಕೊಟ್ಟು, ರೂಟನ್ನು ಇನ್ನೊಂದು ಖಾಲಿ ಡೈರೆಕ್ಟರಿಯಲ್ಲೂ ಮೌಂಟ್ ಮಾಡಿ. ಅಲ್ಲಿ ಬ್ಯಾಕಪ್ ಡೈರೆಕ್ಟರಿಯೊಳಗೆ ಮೂರೂ ಫೈಲು ಸಿಗುತ್ತವೆ. ಸಿಕ್ಕಿತು ಅಂತ ಮೂರನ್ನೂ ಅಳಿಸಬೇಡಿ! ಮೊದಲ ಎರಡು ರಾತ್ರಿಗೆ ಇರುವ ಪ್ರತಿ ಅವೇ. ಅವನ್ನು ನಿಜವಾದ ಡಿಸ್ಕಿಗೆ ಸಾಗಿಸಿ, ಅರ್ಧಂಬರ್ಧದ ಮೂರನೆಯದನ್ನು ಅಳಿಸಿ.

ಡಿಎಫ್‌ಗೂ ಡಿಯುಗೂ ತಾಳೆಯಾಗದಿರಲು ಇನ್ನೊಂದು ಕಾರಣವೂ ಇದೆ. ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದು ಹಿಡಿದಿರುತ್ತದೆ. ಎಲ್‌ಎಸ್‌ಓಎಫ್ ಪ್ಲಸ್ ದೊಡ್ಡ ಎಲ್ ಒಂದು ಅಂತ ಕೊಡಿ, ಹಿಡಿದವರು ಯಾರು ಅಂತ ತಿಳಿಯುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಮರಳಿ ಬರುತ್ತದೆ.

ಈ ಕಥೆ ಎರಡು ಸಾಲಿನಲ್ಲಿ ತಪ್ಪಿಹೋಗುತ್ತಿತ್ತು. ಬರೆದುಕೊಳ್ಳಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಮೌಂಟ್‌ಪಾಯಿಂಟ್ ಮೈನಸ್ ಕ್ಯೂ ಅನ್ನುವ ಕಮಾಂಡಿನಿಂದ ಡಿಸ್ಕ್ ಇದೆಯೇ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಎರಡನೇ ಸಾಲಿನಲ್ಲಿ ಆ ಡಿಸ್ಕಿನಲ್ಲಿ ಎಷ್ಟು ಖಾಲಿ ಇದೆ ಅಂತ ಡಿಎಫ್‌ನಿಂದ ಪಡೆದು, ನಿನ್ನೆಯ ಬ್ಯಾಕಪ್ಪಿನ ಒಂದೂವರೆ ಪಟ್ಟಿಗಿಂತ ಕಡಿಮೆ ಇದ್ದರೆ ನಿಲ್ಲಿಸಿ, ನಿಮಗೆ ಮೇಲ್ ಕಳಿಸುವಂತೆ ಮಾಡಿ. ಇಷ್ಟೇ. ಬ್ಯಾಕಪ್ ಶುರುವಾಗುವ ಮೊದಲು. ಇನ್ನೂ ಗಟ್ಟಿ ಬೇಕೆಂದರೆ, ಡಿಸ್ಕನ್ನು ಅನ್‌ಮೌಂಟ್ ಮಾಡಿ ಖಾಲಿ ಡೈರೆಕ್ಟರಿಗೆ ಸಿಎಚ್‌ಆಟ್ರ್ ಪ್ಲಸ್ ಐ ಕೊಡಿ, ಆಮೇಲೆ ಮೌಂಟ್ ಮಾಡಿ. ಡಿಸ್ಕ್ ಇಲ್ಲದಾಗ, ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಂದಲೂ ಅದರೊಳಗೆ ಫೈಲು ಮಾಡಲಾಗದು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಬ್ಯಾಕಪ್ಪನ್ನು ಡಾಟ್ ಪಾರ್ಟ್ ಅನ್ನುವ ಹೆಸರಿನಲ್ಲಿ ಬರೆಯಿರಿ, ಪೂರ್ತಿಯಾದ ಮೇಲೆ ನಿಜವಾದ ಹೆಸರಿಡಿ. ಇಲ್ಲದಿದ್ದರೆ ಅರ್ಧ ಫೈಲನ್ನೂ ಲೆಕ್ಕಕ್ಕೆ ಹಿಡಿದು ಸ್ಕ್ರಿಪ್ಟು ಒಳ್ಳೆಯ ಹಳೆಯ ಪ್ರತಿಯನ್ನು ಅಳಿಸುತ್ತದೆ. ಪೈಪ್ ಬಳಸುವವರು ಬ್ಯಾಶ್‌ನಲ್ಲಿ ಸೆಟ್ ಮೈನಸ್ ಓ ಪೈಪ್‌ಫೇಲ್ ಹಾಕಲೇಬೇಕು. ಅದಿಲ್ಲದೆ ಡಂಪ್ ಸೋತರೂ ಜಿಜಿಪ್ ಗೆದ್ದರೆ ಎಲ್ಲ ಸರಿ ಅಂತಲೇ ವರದಿ ಬರುತ್ತದೆ.

ಜಿಬಿಗಟ್ಟಲೆ ಖಾಲಿ ಇದ್ದರೂ ಜಾಗವಿಲ್ಲ ಅಂದರೆ ಡಿಎಫ್ ಮೈನಸ್ ಐ ನೋಡಿ. ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಸೇರಿ ಐನೋಡ್, ಅಂದರೆ ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆ, ಮುಗಿದಿರಬಹುದು. ಇಎಕ್ಸ್‌ಟಿ 4 ಫೈಲ್‌ಸಿಸ್ಟಮ್ ಮಾಡುವಾಗ ಶೇಕಡ 5 ಜಾಗ ರೂಟ್ ಬಳಕೆದಾರನಿಗೆ ಮೀಸಲಾಗುತ್ತದೆ. 2 ಟಿಬಿಯಲ್ಲಿ ಅದು 100 ಜಿಬಿ. ಬರೀ ಬ್ಯಾಕಪ್ ಇಡುವ ಪಾರ್ಟಿಷನ್ನಾದರೆ ಟ್ಯೂನ್2ಎಫ್‌ಎಸ್ ಮೈನಸ್ ಎಮ್ ಒಂದು ಅಂತ ಕೊಟ್ಟು ಶೇಕಡ 1ಕ್ಕೆ ಇಳಿಸಿ. ಸಿಸ್ಟಮ್ ಪಾರ್ಟಿಷನ್ನಿನಲ್ಲಿ ಮಾತ್ರ ಅದನ್ನು ಮುಟ್ಟಬೇಡಿ.

ಕೊನೆಯದಾಗಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗೆ. ಡೇಟಾಬೇಸಿನ ಬದಲಾವಣೆಗಳನ್ನು ಬರೆದಿಡುವ ವಾಲ್ ಫೈಲುಗಳ ಆರ್ಕೈವ್ ಹೋಗಬೇಕಾದ ಡಿಸ್ಕ್ ತುಂಬಿದರೆ, ಆ ಫೈಲುಗಳಿರುವ ಪಿಜಿ ವಾಲ್ ಡೈರೆಕ್ಟರಿ ಬೆಳೆಯುತ್ತಲೇ ಹೋಗುತ್ತದೆ. ಗಾಬರಿಯಲ್ಲಿ ಅದರೊಳಗಿನ ಫೈಲು ಅಳಿಸಿದರೆ ಡೇಟಾಬೇಸೇ ಏಳದೆ ಹೋಗಬಹುದು. ಆರ್ಕೈವ್ ಡಿಸ್ಕಿನಲ್ಲಿ ಜಾಗ ಮಾಡಿ, ವಾಲ್ ಫೈಲುಗಳು ಆರ್ಕೈವ್ ಆಗುತ್ತ ಹೋದಂತೆ ಮುಂದಿನ ಚೆಕ್‌ಪಾಯಿಂಟ್‌ಗಳಲ್ಲಿ ಪೋಸ್ಟ್‌ಗ್ರೆಸ್ ತಾನೇ ತೆರವು ಮಾಡುತ್ತದೆ. ಅಷ್ಟು ಹೊತ್ತು ಉಸಿರಾಡಲು ಡೇಟಾ ಪಾರ್ಟಿಷನ್ನಿನಲ್ಲಿ ಜಾಗ ಹಿಡಿದಿಡಲಷ್ಟೇ 2 ಜಿಬಿಯ ಒಂದು ಫೈಲನ್ನು ಎಫ್‌ಅಲೊಕೇಟ್‌ನಿಂದ ಇವತ್ತೇ ಮಾಡಿಡಿ. ಕಷ್ಟಕಾಲದಲ್ಲಿ ಮೊದಲು ಅಳಿಸುವುದು ಆ ಫೈಲನ್ನು.

ನಮಸ್ಕಾರ.